ಐದಕ್ಕೆ ಐದು ಎಂಬ ಸುಳ್ಳು

ಭಾನುವಾರ ಅಬಿಡ್ಸ್‌ನಲ್ಲಿ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳ ಷಟರ್ ಕೆಳಗಿಳಿದಿರುತ್ತವೆ. ಅವುಗಳ ಮುಂದಿನ ಫುಟ್‌ಪಾತ್ ಅಂದು ಹಳೇ ಪುಸ್ತಕ ಮಾರುವವರದ್ದು. ಹೈದರಾಬಾದಿಗೆ ಬಂದು ನೆಲೆಸಿದ, ಓದುವ ಹುಚ್ಚಿರುವ ಕನ್ನಡಿಗರಲ್ಲಿ ಅಲ್ಲಿ ಒಮ್ಮೆಯಾದರೂ ಕುಕ್ಕರಗಾಲಲ್ಲಿ ಕೂತು ರಾಶಿ ಕೆದಕದವರು ಕಡಿಮೆ. ಹೆಚ್ಚಿನವರು ಕಾದಂಬರಿಗೆ ಹೋಗುತ್ತಾರೆ. ನಾನು ಗೈಡುಗಳಿಗೆ ಹೋಗುತ್ತೇನೆ. ಇಲ್ಲೇ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ; ನನ್ನ ಮಕ್ಕಳು ಯಾವುದನ್ನು ನೋಡಿ ಬರೆಯುತ್ತಾರೆ ಎಂಬುದು ನನಗೆ ಗೊತ್ತಿರಬೇಕಲ್ಲ.

ಮಳೆಗಾಲದ ಒಂದು ಭಾನುವಾರ 40 ರೂಪಾಯಿ ಕೊಟ್ಟು ಹತ್ತನೇ ತರಗತಿಯ ಗಣಿತದ ಗೈಡೊಂದನ್ನು ತಂದೆ. ಅದರ ಹಿಂದಿನ ಒಡೆಯ ಅಚ್ಚುಕಟ್ಟಾದ ಹುಡುಗನಿರಬೇಕು. ಪ್ರತಿ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಒಂದು ತಾರೀಖು, ಒಂದು ಟಿಕ್. ಎಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಎಲ್ಲೂ ಅಡಿಗೆರೆ ಇಲ್ಲ. ಇಳಿಸಿಕೊಂಡಾಯಿತು ಅನ್ನುವುದಕ್ಕೆ ಗುರುತು, ಅಷ್ಟೇ.

ವರ್ಗಸಮೀಕರಣದ ಅಧ್ಯಾಯಕ್ಕೆ ಬಂದಾಗ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಲೆಕ್ಕ ಇದು: 2ಎಕ್ಸ್² − 7ಎಕ್ಸ್ + 3 = 0. ನಡುವಿನ ಪದವನ್ನು ಒಡೆದರೆ 2ಎಕ್ಸ್² − 6ಎಕ್ಸ್ − ಎಕ್ಸ್ + 3 = 0 ಆಗಬೇಕು. ಗೈಡಿನಲ್ಲಿ ಅಚ್ಚಿನ ತಪ್ಪಿನಿಂದ ‘ಮೈನಸ್ ಎಕ್ಸ್’ ಜಾಗದಲ್ಲಿ ‘ಪ್ಲಸ್ ಎಕ್ಸ್’ ಆಗಿದೆ. ಮುಂದಿನ ಸಾಲು ಮಾತ್ರ ಸರಿಯಾಗಿದೆ, ಉತ್ತರವೂ ಸರಿ: 3 ಮತ್ತು ½. ಅಂದರೆ ತಪ್ಪು ಸಾಲಿನಿಂದ ಸರಿ ಸಾಲು ಹುಟ್ಟಿದೆ. ಲೆಕ್ಕ ಮಾಡುತ್ತಾ ಹೋದವನಿಗೆ ಇದು ಸಾಧ್ಯವಿಲ್ಲ. ನೋಡಿ ಬರೆಯುವವನಿಗೆ ಮಾತ್ರ ಸಾಧ್ಯ.

ಆ ಸಾಲನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಮರುದಿನ ನನ್ನ ಒಂದು ಸೆಕ್ಷನ್ನಿನ ನೋಟ್‌ಬುಕ್ಕುಗಳನ್ನು ಮತ್ತೆ ತೆರೆಸಿದೆ. 45 ಮಕ್ಕಳಲ್ಲಿ 17 ಮಕ್ಕಳ ಪುಸ್ತಕದಲ್ಲಿ ಅದೇ ‘ಪ್ಲಸ್ ಎಕ್ಸ್’. ಹದಿನೇಳಕ್ಕೆ ಹದಿನೇಳೂ ಪುಟಗಳಲ್ಲಿ ಕೆಂಪು ಶಾಯಿಯ ಟಿಕ್, ಕೆಳಗೆ 5/5, ಅದರ ಕೆಳಗೆ ನನ್ನ ಸಹಿ.

ಬೈಯಬೇಕಾದ್ದು ಯಾರಿಗೆ ಎಂದು ಆಮೇಲೆ ಯೋಚಿಸಿದೆ. ಮಕ್ಕಳು ನೋಡಿ ಬರೆದಿದ್ದರು. ನಾನು ನೋಡದೆ ಟಿಕ್ ಹಾಕಿದ್ದೆ.

ಅದೇ ವಾರ ಒಬ್ಬ ತಂದೆ ನನ್ನನ್ನು ಕಾಣಲು ಬಂದರು. ಸೇಡಂ ಕಡೆಯವರು, ಅಬಿಡ್ಸ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ನಾನು ಕನ್ನಡದವನು ಎಂದು ಮಗ ಹೇಳಿದ್ದನಂತೆ, ಅದೇ ಧೈರ್ಯದ ಮೇಲೆ ಬಂದಿದ್ದರು.

“ಸರ, ನಮ್ಮ ಹುಡುಗ ರಾತ್ರಿ ಹನ್ನೊಂದರ ತನಕ ಕುಂತು ಬರೀತಾನ್ರೀ. ನಾ ಕಣ್ಣಾರೆ ನೋಡೀನಿ. ಅವಗ ಎರಡs ಮಾರ್ಕ್ಸ್, ಬಾಜೂ ಕೂಡೋ ಹುಡುಗಗ ಐದಂತ. ಹೆಂಗ್ರೀ ಇದು?”

ಹುಡುಗನ ಪುಸ್ತಕ ತೆಗೆದೆ. ಎಕ್ಸ್² = 5ಎಕ್ಸ್ ಎಂಬ ಲೆಕ್ಕದಲ್ಲಿ ಎರಡೂ ಕಡೆಯ ಒಂದೊಂದು ಎಕ್ಸ್ ಹೊಡೆದುಹಾಕಿ, ಎಕ್ಸ್ = 5 ಎಂದು ಬರೆದಿದ್ದ. ಸೊನ್ನೆಯೂ ಒಂದು ಉತ್ತರ. ಅದು ಅವನ ಕೈ ತಪ್ಪಿಹೋಗಿತ್ತು. ನಾನು ಕೆಂಪು ಗೀರು ಎಳೆದು ಮುಂದಕ್ಕೆ ಹೋಗಿದ್ದೆ. ಅವನ ತಪ್ಪು ಬೀಜಗಣಿತದ ಹೊಸ್ತಿಲಲ್ಲೇ ಕೂತಿರುವ ತಪ್ಪು. ಎಕ್ಸ್ ಸೊನ್ನೆಯಾಗಿದ್ದರೆ ಅದರಿಂದ ಭಾಗಿಸಬಹುದೇ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಆ ಹುಡುಗ ಜೀವನಪೂರ್ತಿ ಮರೆಯದ ಪಾಠ ಕಲಿಯುತ್ತಿದ್ದ. ಬಾಜೂ ಹುಡುಗ ಗೈಡಿನಿಂದ 0 ಮತ್ತು 5 ಎಂದು ಇಳಿಸಿಕೊಂಡಿದ್ದ. ಸೊನ್ನೆ ಯಾಕೆ ಬಂತು ಎಂದು ಕೇಳಿದರೆ ಗೋಡೆ ನೋಡುತ್ತಾನೆ. ಅವನಿಗೆ ಐದು, ಇವನಿಗೆ ಎರಡು. ಆ ತಂದೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಅದಕ್ಕೇ ಈ ಬರಹ. ನಾನು ಹೇಳುವುದು ಇಷ್ಟು: ಬೀಜಗಣಿತದ ಮನೆಗೆಲಸಕ್ಕೆ ಅಂಕ ಕೊಡುವುದನ್ನು ನಿಲ್ಲಿಸಬೇಕು. ಮನೆಗೆಲಸ ಬೇಕು, ತಿದ್ದುವುದೂ ಬೇಕು. ಅಂಕ ಬೇಡ. ಅಂಕ ಬೇಕಿದ್ದರೆ ತರಗತಿಯಲ್ಲಿ, ಕಣ್ಣೆದುರು, ಪುಟ್ಟ ಪುಟ್ಟ ಪರೀಕ್ಷೆಗಳಲ್ಲಿ ಕೊಡಿ. ಅಲ್ಲಿ ಎಡವಿದವನಿಗೆ ಮತ್ತೆ ಬರೆಯಲು ಬಿಡಿ.

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. 2014-15ರಿಂದ ತೆಲಂಗಾಣದ ಹತ್ತನೇ ತರಗತಿಯಲ್ಲಿ ಬೋರ್ಡ್ ಪರೀಕ್ಷೆಗೆ 80 ಅಂಕ, ಶಾಲೆಯೊಳಗಿನ ಮೌಲ್ಯಮಾಪನಕ್ಕೆ 20. ಈ ಇಪ್ಪತ್ತು ಬರುವುದು ವರ್ಷದ ನಾಲ್ಕು ಎಫ್‌ಎಗಳಿಂದ. ಒಂದೊಂದು ಎಫ್‌ಎಯಲ್ಲೂ ನಾಲ್ಕು ಭಾಗ, ಭಾಗಕ್ಕೆ 5 ಅಂಕ: ತರಗತಿಯಲ್ಲಿ ಭಾಗವಹಿಸುವುದು, ಬರವಣಿಗೆ ಕೆಲಸ, ಪ್ರಾಜೆಕ್ಟ್, ಸ್ಲಿಪ್ ಟೆಸ್ಟ್. ನಮ್ಮ ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲೂ 80-20ರ ಲೆಕ್ಕವೇ. ಸಿಬಿಎಸ್‌ಇ 2017-18ರಲ್ಲಿ ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದಾಗ ಒಳಗಿನ ಇಪ್ಪತ್ತರಲ್ಲಿ 5 ಅಂಕವನ್ನು ನೋಟ್‌ಬುಕ್ ಸಲ್ಲಿಸುವುದಕ್ಕೇ ಇಟ್ಟಿತ್ತು. ಬೋರ್ಡ್ ಯಾವುದಾದರೂ ಇರಲಿ, ನೋಟ್‌ಬುಕ್ಕಿಗೆ ಅಂಕ ಉಂಟು.

ಉದ್ದೇಶ ಒಳ್ಳೆಯದೇ. ಒಂದೇ ದಿನದ ಮೂರು ಗಂಟೆಯಲ್ಲಿ ಮಗುವಿನ ಹಣೆಬರಹ ಬರೆಯಬಾರದು, ವರ್ಷವಿಡೀ ಅದು ಮಾಡಿದ ಕೆಲಸಕ್ಕೂ ಬೆಲೆ ಇರಬೇಕು ಎಂಬುದು. ಆದರೆ ಕೆಲಸಕ್ಕೆ ಬೆಲೆ ಕಟ್ಟಲು ಹೋಗಿ ನಾವು ಕಟ್ಟಿದ್ದು ಪುಸ್ತಕದ ಅಂದಕ್ಕೆ. ಮಾರ್ಜಿನ್ ಇದೆಯೇ, ಉತ್ತರದ ಸುತ್ತ ಬಾಕ್ಸ್ ಹಾಕಿದ್ದಾನೆಯೇ, ಎಲ್ಲ ಲೆಕ್ಕ ‘ಕಂಪ್ಲೀಟ್’ ಆಗಿದೆಯೇ. ಹೊಡೆದು ಬರೆದ ಪುಟಕ್ಕೆ ಅಂಕ ಕಡಿಮೆ. ಹೊಡೆದು ಬರೆಯದೆ ಬೀಜಗಣಿತ ಕಲಿತವರನ್ನು ನಾನು ಇನ್ನೂ ನೋಡಿಲ್ಲ.

ಬೇರೆ ವಿಷಯಗಳಿಗಿಂತ ಬೀಜಗಣಿತದಲ್ಲಿ ಈ ರೋಗ ಹೆಚ್ಚು ಕೆಡುಕು ಮಾಡುತ್ತದೆ. ಸಮಾಜದ ಪಾಠದಿಂದ ಉತ್ತರ ನಕಲು ಮಾಡಿದವನ ತಲೆಯಲ್ಲಿ ಒಂದೆರಡು ಇಸವಿಗಳಾದರೂ ಉಳಿದಾವು. ಬೀಜಗಣಿತದಲ್ಲಿ ಉತ್ತರಕ್ಕೆ ಬೆಲೆಯಿಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಯಾವ ಹಕ್ಕಿನಿಂದ ಬಂದೆ ಎಂಬುದಕ್ಕೆ ಬೆಲೆ. ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಅಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. 3 ಮತ್ತು 4 ಹಾಕಿ ನೋಡು ಎಂದರೆ ಒಂದು ಕಡೆ 49, ಇನ್ನೊಂದು ಕಡೆ 25. “ಅಯ್ಯೋ, ಉಳಿದ 24 ಎಲ್ಲಿ ಹೋಯ್ತು ಸಾರ್?” ಎಂದು ಆ ಮಗುವೇ ಕೇಳುತ್ತದೆ. ಆ 24 ಹುಡುಕುವುದೇ ಪಾಠ. ಮೊದಲೇ ಸರಿ ಉತ್ತರ ಇಳಿಸಿಕೊಂಡು ಬಂದ ಮಗುವಿಗೆ ಏನೂ ಕಳೆದುಹೋಗಿಲ್ಲ, ಹಾಗಾಗಿ ಹುಡುಕಲೂ ಏನಿಲ್ಲ.

ಸೇಡಂ ತಂದೆಯ ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೆ ಇರುವುದು ಈ ನೃಪತುಂಗನ ಹೆಸರೇ. ಆ ಪುಸ್ತಕವನ್ನು ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ನಮ್ಮಿಂದ ಇವರಿಗೆ ಬಂದ ಗಣಿತ ಅನ್ನಿ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಮಹಾವೀರ ಹೇಳುತ್ತಾನೆ, ಅದು ಯಾವುದರ ವರ್ಗವೂ ಅಲ್ಲ ಎಂಬ ಕಾರಣದ ಸಮೇತ. ಇವತ್ತಿನ ನೋಟ್‌ಬುಕ್ಕುಗಳಲ್ಲಿ ‘ನೋ ರಿಯಲ್ ರೂಟ್ಸ್’ ಎಂಬ ಸಾಲು ಅಂದವಾಗಿ ಬಾಕ್ಸಿನೊಳಗೆ ಕೂತಿರುತ್ತದೆ, ಕಾರಣ ಮಾತ್ರ ಇರುವುದಿಲ್ಲ. ಅದಕ್ಕೂ 5/5.

ಇನ್ನೊಂದು ಸಂಗತಿ. ನಮ್ಮ ಭಾಷೆಯಲ್ಲಿ ‘ಮನೆಗೆಲಸ’ ಅನ್ನುವುದಕ್ಕೆ ಎರಡು ಅರ್ಥ. ನನ್ನ ತರಗತಿಯ ಕೆಲವು ಹುಡುಗಿಯರಿಗೆ ಒಂದು ಮನೆಗೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಲು ಆಗುವುದಿಲ್ಲ. ಪಾತ್ರೆ, ನೀರು, ತಮ್ಮನನ್ನು ಮಲಗಿಸುವುದು, ಆಮೇಲೆ ಲೆಕ್ಕ. ಅದೇ ತರಗತಿಯ ಇನ್ನೊಂದು ಮಗುವಿಗೆ ಟೇಬಲ್ಲು, ಟ್ಯೂಷನ್ನು, ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಪಕ್ಕ ಬಂದು ಕೂರುವ ಎಂಜಿನಿಯರ್ ಅಪ್ಪ. ಇಬ್ಬರ ಪುಸ್ತಕಕ್ಕೂ ಒಂದೇ ಕೆಂಪು ಪೆನ್ನು. ನಾವು ಅಂಕ ಕೊಡುತ್ತಿರುವುದು ಮಗುವಿಗೋ, ಮಗುವಿನ ಮನೆಗೋ?

ಈ ಪತ್ರಿಕೆ ಓದುವ ಬಹಳ ಜನ ಆ ಎಂಜಿನಿಯರ್ ಅಪ್ಪ ಅಮ್ಮಂದಿರೇ. ಬೇಜಾರು ಮಾಡಿಕೊಳ್ಳಬೇಡಿ, ನೇರ ಕೇಳುತ್ತೇನೆ. ಶಾಲೆಯ ಆ್ಯಪಿನಲ್ಲಿ 4.5 ಕಂಡರೆ ಉಳಿದ ಅರ್ಧ ಅಂಕ ಎಲ್ಲಿ ಎಂದು ಟೀಚರಿಗೆ ಮೆಸೇಜ್ ಹಾಕಿದವರು ನಮ್ಮಲ್ಲಿ ಎಷ್ಟು ಜನ? ಮಗಳ ಲೆಕ್ಕ ತಪ್ಪಾದಾಗ, ಹೊತ್ತಾಯಿತು ಎಂದು ನೀವೇ ಮಾಡಿ “ನೀಟಾಗಿ ಕಾಪಿ ಮಾಡ್ಕೋ ಪುಟ್ಟಿ” ಎಂದವರು ಎಷ್ಟು ಜನ? ಆ ರಾತ್ರಿ ಗೈಡ್ ಆಗಿದ್ದು ನೀವು. ಈಗಂತೂ ಅದೂ ಬೇಕಿಲ್ಲ. ಫೋನಿನ ಕ್ಯಾಮೆರಾ ಲೆಕ್ಕದ ಮುಂದೆ ಹಿಡಿದರೆ ಎಲ್ಲ ಸಾಲುಗಳೂ ಬರುತ್ತವೆ, ಅಚ್ಚಿನ ತಪ್ಪೂ ಇಲ್ಲದೆ. ಇನ್ನು ಮುಂದೆ ನನಗೆ ‘ಪ್ಲಸ್ ಎಕ್ಸ್’ ಸಾಕ್ಷಿಯೂ ಸಿಗುವುದಿಲ್ಲ.

ನಾನು ತಿದ್ದದೆ ಟಿಕ್ ಹಾಕಿದ್ದರ ಲೆಕ್ಕವನ್ನೂ ಕೊಡುತ್ತೇನೆ. ನನಗೆ ಮೂರು ಸೆಕ್ಷನ್, ಒಂದೊಂದರಲ್ಲಿ 45 ಮಕ್ಕಳು, ಒಟ್ಟು 135 ಪುಸ್ತಕ. ಒಂದು ಅಭ್ಯಾಸದಲ್ಲಿ 10 ಲೆಕ್ಕವಿದ್ದರೆ 1,350 ಲೆಕ್ಕ. ಒಂದಕ್ಕೆ 20 ಸೆಕೆಂಡ್ ಕೊಟ್ಟರೂ ಏಳೂವರೆ ಗಂಟೆ. 20 ಸೆಕೆಂಡಿನಲ್ಲಿ ಉತ್ತರ ನೋಡಬಹುದು, ಮಗುವಿನ ತಲೆಯೊಳಗೆ ಏನು ನಡೆಯಿತು ಎಂದು ನೋಡಲು ಆಗದು. ಎಲ್ಲರಿಗೂ ಅಂಕ ಕೊಡಲೇಬೇಕು ಎಂಬ ನಿಯಮ ಯಾರನ್ನೂ ತಿದ್ದದಂತೆ ಮಾಡುತ್ತದೆ. ಇದು ನೆಪವಲ್ಲ, ನನ್ನ ಸಹಿ ಆ ಹದಿನೇಳು ಪುಟಗಳಲ್ಲಿ ಈಗಲೂ ಇದೆ.

ಅಂಕವನ್ನೂ ಕೊಟ್ಟು ಟಿಪ್ಪಣಿಯನ್ನೂ ಬರೆದರಾಯಿತಲ್ಲ ಎನ್ನುವವರಿದ್ದಾರೆ. 1988ರಲ್ಲಿ ಇಸ್ರೇಲಿನ ಸಂಶೋಧಕಿ ರುತ್ ಬಟ್ಲರ್ ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿ ಇದನ್ನೇ ನೋಡಿದರು. ಒಂದು ಗುಂಪಿಗೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡೂ ಪಡೆದವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಇದನ್ನು ನಂಬಲು ಇಸ್ರೇಲಿಗೆ ಹೋಗಬೇಕಿಲ್ಲ. ಪುಸ್ತಕ ಹಿಂದಕ್ಕೆ ಕೊಟ್ಟಾಗ ಮಕ್ಕಳ ಕಣ್ಣು ಎಲ್ಲಿ ಹೋಗುತ್ತದೆ ನೋಡಿ. ಸಂಖ್ಯೆ ನೋಡುತ್ತಾರೆ, ಪಕ್ಕದವನ ಸಂಖ್ಯೆ ನೋಡುತ್ತಾರೆ, ಪುಸ್ತಕ ಮುಚ್ಚುತ್ತಾರೆ.

ಹಾಗಾದರೆ ಒಳಗಿನ ಅಂಕವನ್ನೇ ಕಿತ್ತುಹಾಕಿ ಎನ್ನುವವರ ಜೊತೆಗೂ ನಾನಿಲ್ಲ. 2024ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ಇಪ್ಪತ್ತು ಅಂಕ ರದ್ದು, ಬೋರ್ಡ್ ಪರೀಕ್ಷೆಗೇ ಪೂರ್ತಿ 100 ಎಂದು ಆದೇಶ ಹೊರಡಿಸಿತು, ಅದೂ ಶಾಲಾ ವರ್ಷ ಅರ್ಧ ಕಳೆದ ಮೇಲೆ. ಗದ್ದಲವಾಯಿತು, ಕೂಡಲೇ ಆ ವರ್ಷಕ್ಕೆ ಹಿಂದಿನ ಪದ್ಧತಿಯನ್ನೇ ಉಳಿಸಿತು. ಕೆಲವು ಶಾಲೆಗಳು ಇಪ್ಪತ್ತಕ್ಕೆ ಇಪ್ಪತ್ತು ಹಂಚುತ್ತವೆ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೆ ಹೇಗೆ? ನೂರನ್ನೂ ಒಂದೇ ದಿನದ ಮೇಲೆ ಹೇರಿದರೆ ಗೈಡಿನ ಜಾಗದಲ್ಲಿ ಕೋಚಿಂಗ್ ಬರುತ್ತದೆ, ಅಷ್ಟೇ. ಆರನೇ ಕ್ಲಾಸಿನಿಂದಲೇ ‘ಐಐಟಿ ಫೌಂಡೇಶನ್’ ಮಾರುವ ಈ ಊರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ.

ಪರೀಕ್ಷೆ ಕೆಟ್ಟದ್ದು, ಮನೆಗೆಲಸ ಒಳ್ಳೆಯದು ಎಂದು ನಾವೆಲ್ಲ ಮಾತಾಡುತ್ತೇವೆ. ನನಗೆ ಅನುಭವದಿಂದ ಗೊತ್ತಾಗಿದ್ದು ತಿರುಗುಮುರುಗು. ಹದಿನೈದು ನಿಮಿಷದ ಸ್ಲಿಪ್ ಟೆಸ್ಟಿನಲ್ಲಿ ಅಪ್ಪ ಇಲ್ಲ, ಟ್ಯೂಷನ್ ಇಲ್ಲ, ಫೋನಿಲ್ಲ. ಸೇಡಂ ಹುಡುಗ, ಎಂಜಿನಿಯರ್ ಮಗಳು ಇಬ್ಬರೂ ಒಂದೇ ಬೆಂಚು, ಒಂದೇ ಕಾಗದ. ಟೆಸ್ಟಿನ ಕೇಡು ಇರುವುದು ಅದು ಕೊನೆಯ ಮಾತಾಗುವುದರಲ್ಲಿ. ಎರಡು ಬಂದರೆ ಎರಡೇ, ಮುಗಿಯಿತು ಎನ್ನುವುದರಲ್ಲಿ. ಆ ಕೊನೆಯನ್ನು ತೆಗೆದುಹಾಕಿದರೆ ಟೆಸ್ಟು ಮಗುವಿನ ಪರವಾಗಿ ನಿಲ್ಲುತ್ತದೆ.

ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ದಸರಾ ರಜೆಯ ನಂತರ ಒಂದು ಸೆಕ್ಷನ್ನಿನಲ್ಲಿ ಹೀಗೆ ಮಾಡಿದೆ. ಮನೆಗೆಲಸದ ಜೊತೆಗೇ ಉತ್ತರಗಳನ್ನೂ, ಎಲ್ಲ ಸಾಲುಗಳ ಸಮೇತ, ನಾನೇ ಕೊಟ್ಟೆ. ನಕಲು ಮಾಡಲು ಏನೂ ಉಳಿಯಲಿಲ್ಲ. ಮಕ್ಕಳು ಮೊದಲು ತಾವು ಮಾಡಬೇಕು, ಆಮೇಲೆ ಬೇರೆ ಬಣ್ಣದ ಪೆನ್ನಿನಲ್ಲಿ ತಾವೇ ತಿದ್ದಿಕೊಳ್ಳಬೇಕು, ತಿಳಿಯದ ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಮರುದಿನ ನಾನು ಆ ಚಿಹ್ನೆಗಳನ್ನಷ್ಟೇ ನೋಡುತ್ತೇನೆ. ಶನಿವಾರ ಮೂರು ಲೆಕ್ಕದ ಸ್ಲಿಪ್ ಟೆಸ್ಟ್: ಒಂದು ಮನೆಗೆಲಸದ್ದೇ, ಸಂಖ್ಯೆ ಬದಲಿಸಿ, ಒಂದು ಹೊಸದು, ಒಂದು ಹಿಂದಿನ ತಿಂಗಳದ್ದು. ಕಡಿಮೆ ಬಂದವರು ಬುಧವಾರ ಅದೇ ಬಗೆಯ ಬೇರೆ ಲೆಕ್ಕ ಬರೆಯಬಹುದು, ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಬರವಣಿಗೆ ಕೆಲಸದ 5 ಅಂಕವನ್ನು ಬಿಡಲು ನಿಯಮ ಒಪ್ಪುವುದಿಲ್ಲ. ಅದನ್ನು ‘ತಪ್ಪಿನ ಪುಟ’ಕ್ಕೆ ಕೊಟ್ಟೆ. ಹದಿನೈದು ದಿನಕ್ಕೊಮ್ಮೆ ಮಗು ಶಾಲೆಯಲ್ಲೇ ಕೂತು ತನ್ನದೇ ಒಂದು ತಪ್ಪನ್ನು ಆರಿಸಿ, ಅದು ಯಾಕೆ ತಪ್ಪು ಎಂದು ನಾಲ್ಕು ಸಾಲು ಬರೆಯಬೇಕು. ಪ್ರಾಮಾಣಿಕವಾಗಿ ಬರೆದವರಿಗೆ ಪೂರ್ತಿ ಐದು. ತಪ್ಪೇ ಮಾಡದವರಿಗೆ ಬರೆಯಲು ಕಷ್ಟ.

“ಅಂಕ ಇಲ್ಲದಿದ್ದರೆ ಯಾರೂ ಹೋಂವರ್ಕ್ ಮಾಡಲ್ಲ” ಎಂದು ಸ್ಟಾಫ್‌ರೂಮಿನಲ್ಲಿ ಹೇಳಿದರು. ಮೊದಲ ಮೂರು ವಾರ ಅವರ ಮಾತೇ ನಿಜವಾಯಿತು. ಅರ್ಧಕ್ಕರ್ಧ ಪುಸ್ತಕ ಖಾಲಿ ಬಂದವು. ನಾನು ಬೈಯಲಿಲ್ಲ. ಶನಿವಾರದ ಟೆಸ್ಟಿಗೂ ಮನೆಯ ಲೆಕ್ಕಕ್ಕೂ ನಂಟಿದೆ ಎಂಬುದು ಅವರಿಗೇ ಗೊತ್ತಾದ ಮೇಲೆ ಪುಸ್ತಕಗಳು ತುಂಬತೊಡಗಿದವು. ಎಲ್ಲರೂ ದಾರಿಗೆ ಬಂದರು ಎಂದು ಹೇಳಿದರೆ ಇನ್ನೊಂದು 5/5ರ ಸುಳ್ಳಾದೀತು. ಏಳೆಂಟು ಮಕ್ಕಳು ಕೊನೆಯವರೆಗೂ ಮಾಡಲಿಲ್ಲ. ಆದರೆ ಯಾರು ಮಾಡುತ್ತಿಲ್ಲ ಎಂಬುದು ಈಗ ನನಗೆ ಕಾಣುತ್ತದೆ. ಮೊದಲು ಅವರೂ ಐದು ಅಂಕದ ಹಿಂದೆ ಅಡಗಿಕೊಂಡಿದ್ದರು.

ಪುಸ್ತಕಗಳು ಮೊದಲಿನಷ್ಟು ಅಂದವಾಗಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ಪುಟ ತಿರುವಿ, “ಏನ್ರೀ ಇಷ್ಟೊಂದು ಗೀಚು?” ಎಂದರು. ಆ ಗೀಚಿನಲ್ಲೇ ಪಾಠ ಇದೆ ಎಂದು ಹೇಳಿದೆ. ಒಪ್ಪಿದರೋ ಇಲ್ಲವೋ, ಸಹಿ ಹಾಕಿ ಹೋದರು.

ಸೇಡಂ ಹುಡುಗನ ಕತೆ ಕೇಳುತ್ತೀರಿ. ಎಕ್ಸ್ ಹೊಡೆದುಹಾಕುವ ಬಗೆಯ ಲೆಕ್ಕ ನವೆಂಬರಿನ ಟೆಸ್ಟಿನಲ್ಲಿ ಬಂತು. ಮತ್ತೆ ಹೊಡೆದುಹಾಕಿದ. ಎರಡು ಬಂತು. ಬುಧವಾರ ಮತ್ತೆ ಬರೆದ; ಎಲ್ಲವನ್ನೂ ಒಂದೇ ಕಡೆ ತಂದು ಎಕ್ಸ್ ಹೊರಗೆ ತೆಗೆದ, ಸೊನ್ನೆಯೂ ಸಿಕ್ಕಿತು. ಇನ್ನೊಂದು ಲೆಕ್ಕದಲ್ಲಿ ಚಿಹ್ನೆ ತಪ್ಪಿ ಒಂದು ಅಂಕ ಹೋಯಿತು, ನಾಲ್ಕು ಬಂತು. ಅವನ ತಪ್ಪಿನ ಪುಟದಲ್ಲಿ ಹೀಗಿತ್ತು: ಎಕ್ಸ್ ಎಷ್ಟು ಅಂತ ಗೊತ್ತಾಗುವ ಮೊದಲು ಅದು ಸೊನ್ನೆ ಅಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಇಂಥ ಒಂದು ಸಾಲು ಯಾವ ಗೈಡಿನಲ್ಲೂ ಇಲ್ಲ. ಆ ಪುಟದ ಕೆಳಗೂ 5/5 ಎಂದು ಬರೆದು ಸಹಿ ಹಾಕಿದೆ, ಓದಿ.

ನಿಮ್ಮ ಮಕ್ಕಳ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಎಷ್ಟು ಬಂತು ಎಂದು ಕೇಳಬೇಡಿ. ನೋಟ್‌ಬುಕ್ ತೆರೆಸಿ, ಇದರಲ್ಲಿ ನನ್ನ ಮಗು ಎಲ್ಲಿ ತಪ್ಪಿದೆ ತೋರಿಸಿ ಎಂದು ಕೇಳಿ. ಎಲ್ಲೂ ತಪ್ಪಿಲ್ಲ ಎಂದರೆ ಸಂತೋಷಪಡುವ ಮೊದಲು ಭಾನುವಾರ ಒಮ್ಮೆ ಅಬಿಡ್ಸ್‌ಗೆ ಬಂದು, 40 ರೂಪಾಯಿ ಕೊಟ್ಟು ಒಂದು ಗೈಡ್ ಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.